ಗುಂಡಿಗೆಯ ಎಳೆಯೂ ಮನೆತನದ ಲೆಕ್ಕವೂ

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಅದರಲ್ಲಿ ಚರಿತ್ರೆಯ ಲೇಖನವೊಂದು ಇರಲೇಬೇಕೆಂಬುದು ವಾಡಿಕೆ. ಕದಂಬರ ಬನವಾಸಿ, ಚಾಲುಕ್ಯರ ಬಾದಾಮಿ, ಹೊಯ್ಸಳರ ಬೇಲೂರು ಇವುಗಳ ವಿಷಯವಾಗಿ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಈ ಸಲ ನಾವು ಹೇಳಹೊರಟಿರುವುದು ಅವೆಲ್ಲಕ್ಕಿಂತ ಹಳೆಯದಾದ ಒಂದು ಪಿತ್ರಾರ್ಜಿತದ ಚರಿತ್ರೆ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮಾನೇಸರ್‌ಗೆ ಬಂದ ನಾವು ಹೊಲ, ಮನೆ, ಬಾವಿಕಟ್ಟೆಗಳನ್ನು ಅಲ್ಲಿಯೇ ಬಿಟ್ಟುಬಂದೆವು. ತಾಯಿತಂದೆಗಳಿಂದ ಮೈಯೊಳಗೆ ಇಳಿದುಬಂದುದನ್ನು ಮಾತ್ರ ಬಿಟ್ಟುಬರಲು ಯಾರಿಂದಲೂ ಆಗದು. ಹಾಗೆ ಇಳಿದುಬರುವುದರಲ್ಲಿ ಕಣ್ಣಿನ ಬಣ್ಣ, ಮೂಗಿನ ಅಂದಗಳಿರುವಂತೆ, ಕೆಲವು ಮನೆತನಗಳಲ್ಲಿ ಗುಂಡಿಗೆಯ ಸ್ನಾಯುವಿನ ದೋಷವೂ ಇರುವುದುಂಟು.

ನಾವು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ವೈದ್ಯರಲ್ಲ. ಆದರೂ ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. ತೀರಿಕೊಂಡ ಖಾತೆದಾರರ ಹಣವನ್ನು ವಾರಸುದಾರರಿಗೆ ಕೊಡಿಸುವ ಕಾಗದಪತ್ರಗಳು ನಮ್ಮ ಮೇಜಿಗೆ ಬರುತ್ತವೆ. ಮೂವತ್ತು, ನಲವತ್ತರ ಪ್ರಾಯದವರ ಕಾಗದಗಳೂ ಅವುಗಳಲ್ಲಿ ಇರುತ್ತವೆ. ಏನಾಗಿತ್ತೆಂದು ವಿಚಾರಿಸಿದರೆ ಮನೆಯವರು 'ಹಾರ್ಟ್‌ಫೇಲ್' ಎನ್ನುವರು. ಮತ್ತೆ ಸ್ವಲ್ಪ ಹೊತ್ತಿಗೆ 'ಅವರ ಅಣ್ಣನಿಗೂ ಹೀಗೆಯೇ ಆಗಿತ್ತು' ಎಂದು ಸೇರಿಸುವುದೂ ಉಂಟು. ಈ ಎರಡನೆಯ ಮಾತನ್ನು ಬರೆದುಕೊಳ್ಳಲು ಬ್ಯಾಂಕಿನ ಯಾವ ನಮೂನೆಯಲ್ಲಿಯೂ ಜಾಗವಿಲ್ಲ. ವೈದ್ಯಶಾಸ್ತ್ರವಾದರೋ ಆ ಎರಡನೆಯ ಮಾತಿನಿಂದಲೇ ಮುಂದುವರಿದಿದೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು, ರಾಜ್ಯೋತ್ಸವಕ್ಕೆ ಮೂರೇ ದಿನಗಳಿರುವಾಗ, ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ವರ್ಷ ಕನ್ನಡಿಗರಿರುವ ಕಡೆಗಳಲ್ಲೆಲ್ಲ ಹಬ್ಬ ಕಳೆಗುಂದಿತು. ಮುಂದಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಎದೆಯ ಪರೀಕ್ಷೆಗಾಗಿ ಜನ ಸಾಲುಗಟ್ಟಿ ನಿಂತರು. ಆ ಸಾವಿಗೂ ನಾವು ಹೇಳುವ ಕಾಯಿಲೆಗೂ ನಂಟು ಕಲ್ಪಿಸುವುದು ನಮ್ಮ ಇಂಗಿತವಲ್ಲ. ಜನರು ಸಾಮಾನ್ಯವಾಗಿ ಹೃದಯಾಘಾತವೆನ್ನುವುದು ಗುಂಡಿಗೆಗೆ ರಕ್ತ ಉಣಿಸುವ ಕೊಳವೆ ಕಟ್ಟಿಕೊಳ್ಳುವುದರಿಂದ ಆಗತಕ್ಕುದು. ನಮ್ಮ ವಿಷಯ ಬೇರೆ. ಕೊಳವೆಗಳು ನೆಟ್ಟಗಿದ್ದರೂ ಗುಂಡಿಗೆಯ ಮಾಂಸಖಂಡವೇ ಕೆಡುವ ಕಾಯಿಲೆಗಳಿವೆ; ಅವಕ್ಕೆ ಕಾರ್ಡಿಯೊಮಯೋಪತಿ ಎಂದು ಹೆಸರು. ಒಂದು ಬಗೆಯಲ್ಲಿ ಗುಂಡಿಗೆಯ ಗೋಡೆ ಅಳತೆಮೀರಿ ದಪ್ಪವಾಗುತ್ತದೆ. ಇನ್ನೊಂದರಲ್ಲಿ ಅದರ ಗೂಡು ಹಿಗ್ಗಿ, ಗೋಡೆ ಸೋತು, ರಕ್ತವನ್ನು ನೂಕುವ ಬಲ ಕುಂದುತ್ತದೆ. ಎರಡೂ ವಂಶಪಾರಂಪರ್ಯವಾಗಿ ಬರಬಲ್ಲವು.

ಮಾಂಸಖಂಡವು ಹೇಗೆ ಕುಗ್ಗುತ್ತದೆ ಎಂಬುದೇ ಬಹುಕಾಲ ಒಗಟಾಗಿದ್ದಿತು. 1954ರಲ್ಲಿ ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಒಂದು ಕಡೆ, ಆಂಡ್ರ್ಯೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಇನ್ನೊಂದು ಕಡೆ, ಬೇರೆ ಬೇರೆಯಾಗಿ ದುಡಿದು ಒಂದೇ ನಿರ್ಣಯಕ್ಕೆ ಬಂದರು. ಹಕ್ಸ್‌ಲಿಗಳಿಬ್ಬರೂ ಬಂಧುಗಳಲ್ಲವೆಂಬುದು ಒಂದು ಸ್ವಾರಸ್ಯ. ಎರಡು ಕೈಗಳ ಬೆರಳುಗಳನ್ನು ಒಂದರ ಸಂದಿನಲ್ಲಿ ಇನ್ನೊಂದನ್ನು ತೂರಿಸಿ ಒಳಕ್ಕೆ ಜಾರಿಸಿದರೆ ಬೆರಳುಗಳು ಗಿಡ್ಡವಾಗದಿದ್ದರೂ ಕೈಗಳು ಹತ್ತಿರವಾಗುವುವಷ್ಟೆ. ಹಾಗೆಯೇ ಸ್ನಾಯುವಿನಲ್ಲಿ ಮಯೋಸಿನ್ ಎಂಬ ದಪ್ಪ ಎಳೆಗಳೂ ಆಕ್ಟಿನ್ ಎಂಬ ತೆಳು ಎಳೆಗಳೂ ಒಂದರ ಮೇಲೊಂದು ಜಾರುತ್ತವೆ, ಸ್ನಾಯು ಕುಗ್ಗುತ್ತದೆ. ಇವೆರಡೂ ಪ್ರೋಟೀನುಗಳು, ನಮ್ಮ ಹಳೆಯ ಪಠ್ಯಪುಸ್ತಕಗಳು ಸಸಾರಜನಕವೆಂದು ಕರೆದ ವಸ್ತುವಿನ ಜಾತಿಗೆ ಸೇರಿದವು.

ಕುಗ್ಗುವುದೇನೋ ತಿಳಿಯಿತು. ಹಿಗ್ಗಿದ ಸ್ನಾಯು ಮತ್ತೆ ತನ್ನ ಅಳತೆಗೆ ಬರುವುದು ಹೇಗೆ? ದಿನಕ್ಕೆ ಸುಮಾರು ಒಂದು ಲಕ್ಷ ಸಲ ತುಂಬಿಕೊಂಡು ಬರಿದಾಗುವ ಗುಂಡಿಗೆ ಹಳೆಯ ಚೀಲದಂತೆ ಜೋತುಬೀಳದಿರುವುದು ಹೇಗೆ? ಆ ಎರಡು ಎಳೆಗಳನ್ನು ಕರಗಿಸಿ ತೆಗೆದ ಮೇಲೂ ಸ್ನಾಯುವಿನಲ್ಲಿ ಸ್ಥಿತಿಸ್ಥಾಪಕ ಗುಣ ಉಳಿಯುತ್ತಿದ್ದಿತು. ಮೂರನೆಯದೊಂದು ವಸ್ತು ಅಲ್ಲಿರಲೇಬೇಕು. 1976ರಲ್ಲಿ ಜಪಾನಿನ ಕೋಸಾಕು ಮರುಯಾಮ ಮತ್ತು ಸಂಗಡಿಗರು ಸ್ನಾಯುವಿನಲ್ಲಿ ಹೊಸದೊಂದು ಹಿಗ್ಗುವ ಪ್ರೋಟೀನು ಇದೆಯೆಂದು ಪ್ರಕಟಿಸಿದರು. ಅದಕ್ಕೆ ಅವರಿಟ್ಟ ಹೆಸರು ಕನೆಕ್ಟಿನ್. 1979ರಲ್ಲಿ ಅಮೆರಿಕದಲ್ಲಿ ಕುವಾನ್ ವಾಂಗ್ ಮೊದಲಾದವರು ಅದೇ ವಸ್ತುವನ್ನು ಬೇರೊಂದು ದಾರಿಯಿಂದ ಹಿಡಿದು ಟೈಟಿನ್ ಎಂದು ಕರೆದರು. ಗ್ರೀಕರ ಪುರಾಣದ ದೈತ್ಯರಾದ ಟೈಟನ್ನರ ಹೆಸರು ಅದಕ್ಕೆ ಬಂದಿತು.

ಇಷ್ಟು ದೊಡ್ಡ ವಸ್ತು ಅಷ್ಟು ದಿನ ಕಾಣದೆ ಉಳಿದುದಕ್ಕೆ ಅದರ ದೊಡ್ಡತನವೇ ಕಾರಣ. ಪ್ರಯೋಗಶಾಲೆಯಲ್ಲಿ ಪ್ರೋಟೀನುಗಳನ್ನು ಒಂದು ಬಗೆಯ ಗಂಜಿಯಂಥ ಪದರದಲ್ಲಿ ಓಡಿಸಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವರು. ಇದಾದರೋ ಒಳಕ್ಕೆ ನುಗ್ಗಲಾರದೆ ಬಾಗಿಲಲ್ಲೇ ನಿಂತುಬಿಡುತ್ತಿದ್ದಿತು. ನೋಡಿದವರು ಕಸವೆಂದೇ ಭಾವಿಸಿರಬೇಕು. ಪದರವನ್ನು ತೀರ ತೆಳುವಾಗಿ ಮಾಡಿದಾಗ ದೈತ್ಯನು ಒಳಗೆ ಬಂದನು. 1995ರಲ್ಲಿ ಜರ್ಮನಿಯ ಲಾಬೈಟ್ ಮತ್ತು ಕೋಲ್ಮೆರರ್ ಇದರ ರಚನೆಯನ್ನು ಓದಿ ಮುಗಿಸಿದರು. ಸಾಧಾರಣ ಪ್ರೋಟೀನಿನಲ್ಲಿ ಕೆಲವು ನೂರು ಅಮೈನೊ ಆಮ್ಲದ ಮಣಿಗಳಿದ್ದರೆ, ಟೈಟಿನ್ನಿನ ಅತಿ ಉದ್ದದ ರೂಪದಲ್ಲಿ 34,000ಕ್ಕೂ ಮೇಲ್ಪಟ್ಟು ಇವೆ. ಮನುಷ್ಯದೇಹದಲ್ಲಿ ತಿಳಿದಿರುವ ಪ್ರೋಟೀನುಗಳಲ್ಲಿ ಇದೇ ಅತ್ಯಂತ ದೊಡ್ಡದು. 1997ರಲ್ಲಿ ಮೂರು ತಂಡಗಳು ಒಂಟಿ ಟೈಟಿನ್ ಎಳೆಯನ್ನು ಹಿಡಿದು ಜಗ್ಗಿ ನೋಡಿದವು. ಸೀರೆಯ ನೆರಿಗೆಗಳು ಒಂದೊಂದಾಗಿ ಬಿಚ್ಚಿಕೊಳ್ಳುವಂತೆ ಅದರ ಮಡಿಕೆಗಳು ಬಿಚ್ಚಿಕೊಂಡವು. ಜಗ್ಗುವುದನ್ನು ಬಿಟ್ಟೊಡನೆ ಮತ್ತೆ ಮಡಿಸಿಕೊಂಡವು. ಹಿಗ್ಗಿದುದನ್ನು ಹಿಂದಕ್ಕೆ ಎಳೆಯುವುದು ಇದರ ಒಂದು ಕೆಲಸ. ದಪ್ಪ ಎಳೆಗಳನ್ನು ನಡುವೆ ನಿಲ್ಲಿಸುವುದು, ಇತರ ಪ್ರೋಟೀನುಗಳಿಗೆ ಕಟ್ಟುಕೊಡುವುದು ಇನ್ನೊಂದು ಕೆಲಸ.

ಇದು ಸ್ನಾಯುವಿನ ಚರಿತ್ರೆಯಾಯಿತು. ಕಾಯಿಲೆಯ ಚರಿತ್ರೆ ಬೇರೊಂದು ಬಾಗಿಲಿನಿಂದ ಬಂದುದು. ಕರ್ನಾಟಕದ ಏಕೀಕರಣವಾಗಿ ಎರಡು ವರ್ಷಗಳಾಗಿದ್ದವು. ಆ 1958ರಲ್ಲಿ, ಲಂಡನ್ನಿನಲ್ಲಿ ಹೆಣಪರೀಕ್ಷೆ ನಡೆಸುತ್ತಿದ್ದ ಡೊನಾಲ್ಡ್ ಟೇರ್ ಎಂಬ ವೈದ್ಯರು ಕಿರಿಯ ಪ್ರಾಯದ ಎಂಟು ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಬಹುಮಂದಿ ಹಠಾತ್ತನೆ ಸತ್ತವರು. ಗುಂಡಿಗೆಯ ನಡುಗೋಡೆ ವಿಚಿತ್ರವಾಗಿ ದಪ್ಪವಾಗಿದ್ದಿತು. 1961ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಪಾರೆ ಮತ್ತು ಸಂಗಡಿಗರು ಇಂಥ ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ ಇಳಿದುಬಂದಿದ್ದ ಒಂದು ದೊಡ್ಡ ಕುಟುಂಬವನ್ನು ವರ್ಣಿಸಿದರು. ಅದು ಫ್ರಾನ್ಸಿನಿಂದ ವಲಸೆಹೋಗಿ ಅಲ್ಲಿ ನೆಲೆಸಿದವರ ವಂಶ. ಸುಮಾರು ಮೂವತ್ತು ವರ್ಷಗಳ ಬಳಿಕ ಕ್ರಿಸ್ಟೀನ್ ಸೈಡ್‌ಮನ್ ಮತ್ತು ಜೋನಥನ್ ಸೈಡ್‌ಮನ್ ದಂಪತಿಗಳ ತಂಡವು ಅದೇ ಕುಟುಂಬದವರ ರಕ್ತವನ್ನು ಪರೀಕ್ಷಿಸಿ, 1990ರಲ್ಲಿ ದೋಷದ ನೆಲೆಯನ್ನು ಮಯೋಸಿನ್ನಿನ ಜೀನಿನಲ್ಲಿ ಕಂಡುಹಿಡಿಯಿತು. ಜೀನೆಂದರೆ ಪ್ರೋಟೀನನ್ನು ಹೆಣೆಯುವ ಕ್ರಮವನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟ ಪಾಠ. ಅದರಲ್ಲಿ ಒಂದೇ ಒಂದು ಅಕ್ಷರ ಬದಲಾಗಿದ್ದಿತು. ವಲಸೆಹೋದ ಒಂದು ಕುಟುಂಬದ ಸಾವುಗಳ ಲೆಕ್ಕವನ್ನು ವೈದ್ಯರು ಕೂಡಿಸಿಟ್ಟಿರದಿದ್ದರೆ ಆ ಅಕ್ಷರ ಸಿಕ್ಕುತ್ತಿರಲಿಲ್ಲ.

ಮುಂದೆ 2002ರಲ್ಲಿ ಗುಂಡಿಗೆ ಹಿಗ್ಗುವ ಕಾಯಿಲೆಗೆ ಟೈಟಿನ್ನಿನ ದೋಷವೂ ಕಾರಣವೆಂದು ತಿಳಿದುಬಂದಿತು. 2012ರಲ್ಲಿ ಸೈಡ್‌ಮನ್ನರ ತಂಡವೇ ಟೈಟಿನ್ನಿನ ಇಡೀ ಪಾಠವನ್ನು ಓದಿ ನೋಡಿದಾಗ, ಮನೆತನದಲ್ಲಿ ಈ ಕಾಯಿಲೆಯಿರುವ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಟೈಟಿನ್ ಎಳೆ ನಡುವೆಯೇ ತುಂಡಾಗಿ ನಿಲ್ಲುವಂಥ ದೋಷವಿದ್ದುದು ಕಂಡಿತು. 2016ರಲ್ಲಿ ಇನ್ನೊಂದು ಸಂಗತಿ ಹೊರಬಿದ್ದಿತು. ಹೆರಿಗೆಯ ಸುಮಾರಿಗೆ ಕೆಲವು ಹೆಂಗಸರಿಗೆ ಗುಂಡಿಗೆ ಸೋಲುವುದುಂಟು. ಅಂಥ 172 ಮಂದಿಯನ್ನು ಪರೀಕ್ಷಿಸಲಾಗಿ 26 ಮಂದಿಯಲ್ಲಿ ಈ ಬಗೆಯ ತುಂಡರಿಸುವ ದೋಷಗಳು ಸಿಕ್ಕಿದವು. ಅವುಗಳಲ್ಲಿ ಹೆಚ್ಚಿನವು ಟೈಟಿನ್ನಿನವೇ. 'ಬಾಣಂತನದಲ್ಲಿ ಹೋದಳು' ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದ ಸಾವುಗಳಲ್ಲಿ ಕೆಲವಾದರೂ ಹೀಗೆ ವಂಶದ ಲೆಕ್ಕಕ್ಕೆ ಸೇರತಕ್ಕವಾಗಿರಬಹುದು. ಟೈಟಿನ್ನಿನ ದೋಷವಿದ್ದವರಿಗೆಲ್ಲ ಕಾಯಿಲೆ ಬಂದೇ ತೀರುವುದಿಲ್ಲ. ಅಂಥವರಲ್ಲಿ ಆರೋಗ್ಯವಾಗಿ ಮುಪ್ಪು ಕಂಡವರೂ ಇದ್ದಾರೆ.

ಇನ್ನು ನಮ್ಮ ದೇಶದ ಮಾತು. ಮಾನೇಸರ್‌ನಲ್ಲಿ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವಿರುವುದು ವಾಚಕರಿಗೆ ತಿಳಿದುದೇ. 2003ರ ಡಿಸೆಂಬರ್ 16ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ರಾಷ್ಟ್ರಕ್ಕೆ ಅರ್ಪಿಸಿದರು. ಅದನ್ನು ಕಟ್ಟಿದ ಮೊದಲ ನಿರ್ದೇಶಕಿ ವಿಜಯಲಕ್ಷ್ಮಿ ರವೀಂದ್ರನಾಥ್ ಅವರು ಬೆಂಗಳೂರಿನ ನಿಮ್ಹಾನ್ಸ್‌ನಿಂದ ಬಂದವರು. ಮುಂದೆ ಬೆಂಗಳೂರಿಗೇ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಮಿದುಳಿಗೆ ಮಾನೇಸರ್ ಇದ್ದಂತೆ, ವಂಶಪಾರಂಪರ್ಯವಾದ ಗುಂಡಿಗೆಯ ಕಾಯಿಲೆಗೆ ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಎಂಬ ಸಂಸ್ಥೆಯಿದೆ. ಬಳ್ಳಾರಿ ರಸ್ತೆಯ ಜಿಕೆವಿಕೆ ಆವರಣದಲ್ಲಿ, ಕೃಷಿ ವಿಶ್ವವಿದ್ಯಾನಿಲಯದ ಮಗ್ಗುಲಿಗೇ ಅದಿರುವುದು. ಅಲ್ಲಿ ಈ ಶಾಖೆಯನ್ನು ಬೆಳೆಸಿದ ಪೆರುಂದುರೈ ಧಂಡಪಾಣಿಯವರ ಹೆಸರು ಭಾರತೀಯರ ಗುಂಡಿಗೆಯ ಚರಿತ್ರೆಯಲ್ಲಿ ಮುಖ್ಯವಾದುದು.

ದಪ್ಪ ಎಳೆಯ ಮೇಲೆ ಅಡ್ಡಪಟ್ಟಿಯಂತೆ ಕಟ್ಟಿಕೊಂಡಿರುವ ಇನ್ನೊಂದು ಪ್ರೋಟೀನುಂಟು. ಅದರ ಹೆಸರು ಮಯೋಸಿನ್ ಬೈಂಡಿಂಗ್ ಪ್ರೋಟೀನ್-ಸಿ. ಅದರ ಬಾಲದ ತುದಿ ಮಯೋಸಿನ್ನಿಗೂ ನಮ್ಮ ಟೈಟಿನ್ನಿಗೂ ಬಿಗಿದುಕೊಂಡಿರುತ್ತದೆ. ಈ ಪ್ರೋಟೀನಿನ ಪಾಠದಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವುದು 2003ರ ಸುಮಾರಿಗೆ ಭಾರತೀಯ ಕುಟುಂಬಗಳಲ್ಲಿ ಕಂಡುಬಂದಿತು. ಆ 25 ಅಕ್ಷರಗಳು ಎರಡು ಪರಿಚ್ಛೇದಗಳ ನಡುವಣ ತೆರಪಿನಲ್ಲಿರತಕ್ಕವು. ಅವು ಅಳಿದರೆ ಜೋಡಣೆಯ ಗುರುತು ತಪ್ಪುತ್ತದೆ. ಜೀವಕಣವು ಮುಂದಿನ ಪರಿಚ್ಛೇದವನ್ನು ಓದದೆ ದಾಟಿಬಿಡಬಹುದು. ಪ್ರೋಟೀನಿನ ಬಾಲ ಕೆಡಬಹುದು. 2009ರಲ್ಲಿ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿಯ ತಂಗರಾಜ್ ಮೊದಲಾದವರು ದೊಡ್ಡದೊಂದು ಅಧ್ಯಯನವನ್ನು ಪ್ರಕಟಿಸಿದರು. 800 ರೋಗಿಗಳನ್ನೂ 699 ಆರೋಗ್ಯವಂತರನ್ನೂ ಹೋಲಿಸಿದಾಗ, ಈ ಲೋಪವಿರುವವರಿಗೆ ಅಪಾಯದ ಪ್ರಮಾಣ ಸುಮಾರು ಏಳು ಪಟ್ಟು ಹೆಚ್ಚೆಂದು ಕಂಡಿತು. ಭಾರತ ಮೂಲದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರು ಇದನ್ನು ಹೊತ್ತಿರುವರು. 300 ಮಂದಿ ತುಂಬಿದ ಸಭಾಂಗಣದಲ್ಲಿ 12 ಮಂದಿಯೆಂದು ಲೆಕ್ಕ.

ಬೇರೆ ಬೇರೆ ಊರು, ಭಾಷೆ, ಜಾತಿಗಳವರಲ್ಲಿ ಒಂದೇ ಲೋಪವಿರುವುದು ಹೇಗೆ? ಇದಕ್ಕೆ ಉತ್ತರ ನಮ್ಮ ಗ್ರಂಥಸಂಪಾದಕರಿಗೆ ಚೆನ್ನಾಗಿ ಗೊತ್ತು. ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು ಹಳಗನ್ನಡ ಕಾವ್ಯಗಳ ಓಲೆಗರಿಗಳನ್ನು ಹೋಲಿಸುತ್ತಿದ್ದ ಕ್ರಮವನ್ನು ನೆನೆಯಿರಿ. ಎರಡು ಪ್ರತಿಗಳಲ್ಲಿ ಒಂದೇ ಕಡೆ ಒಂದೇ ಸಾಲು ಬಿಟ್ಟುಹೋಗಿದ್ದರೆ ಎರಡೂ ಒಂದೇ ಮಾತೃಪ್ರತಿಯಿಂದ ಇಳಿದವೆಂದು ಊಹಿಸುವರು. ಯಾವನೋ ಲಿಪಿಕಾರನ ಕೈತಪ್ಪು ಅವನ ಪ್ರತಿಯಿಂದ ಹುಟ್ಟಿದ ಎಲ್ಲ ಪ್ರತಿಗಳಲ್ಲಿಯೂ ಸಾಗಿಬರುತ್ತದೆ. ಈ 25 ಅಕ್ಷರಗಳ ಲೋಪವೂ ಹಾಗೆಯೇ ಯಾರೋ ಒಬ್ಬ ಪೂರ್ವಿಕನಿಂದ, ಸುಮಾರು 33,000 ವರ್ಷಗಳ ಹಿಂದಿನಿಂದ, ಇಳಿದುಬಂದಿದೆಯೆಂದು ಆ ಸಂಶೋಧಕರು ಅಂದಾಜುಮಾಡಿದ್ದಾರೆ. ಕಾಯಿಲೆ ಕಾಣಿಸುವುದು ಬಹುಮಟ್ಟಿಗೆ ನಡುವಯಸ್ಸು ದಾಟಿದ ಮೇಲೆ. ಅಷ್ಟರಲ್ಲಿ ಮಕ್ಕಳು ಹುಟ್ಟಿರುತ್ತಾರೆ. ಆದುದರಿಂದಲೇ ಲೋಪ ಅಳಿಯದೆ ಉಳಿಯಿತು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ನೂರಕ್ಕೆ ನಾಲ್ವರಲ್ಲಿ ಲೋಪವಿದೆ. ಗೋಡೆ ದಪ್ಪವಾಗುವ ಕಾಯಿಲೆಯಾದರೋ ಸುಮಾರು ಐನೂರರಲ್ಲಿ ಒಬ್ಬರಿಗೆ ಎಂಬುದು ಪಾಶ್ಚಾತ್ಯ ದೇಶಗಳ ಲೆಕ್ಕ. ಜಮಾಖರ್ಚು ಬರೆಯುವವರಿಗೆ ಈ ಎರಡು ಅಂಕಿಗಳು ತಾಳೆಯಾಗುವುದಿಲ್ಲವೆಂದು ಕೂಡಲೇ ತೋರುವುದು. ಸಂಶೋಧಕರಿಗೂ ತೋರಿತು. 2018ರಲ್ಲಿ ಸಕ್ತಿವೇಲ್ ಸಡಯಪ್ಪನ್ ಮೊದಲಾದವರು ಅಮೆರಿಕದಲ್ಲಿ ನೆಲೆಸಿರುವ ನಮ್ಮ ಕಡೆಯ ಜನರನ್ನೇ ಪರೀಕ್ಷಿಸಿ, ಲೋಪವಿರುವವರಲ್ಲಿ ಕೆಲವರಿಗೆ ಅದೇ ಜೀನಿನಲ್ಲಿ ಇನ್ನೊಂದು ಅಕ್ಷರದೋಷವೂ ಇರುವುದನ್ನು ತೋರಿಸಿದರು. 2020ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವು, ಗೋಡೆ ದಪ್ಪವಾಗುವ ಕಾಯಿಲೆಯ ಮಟ್ಟಿಗೆ, ಅಪಾಯದ ಬಹುಪಾಲು ಆ 25 ಅಕ್ಷರಗಳ ಲೋಪದ್ದಲ್ಲವೆಂದಿತು. ಕೆಲವು ಮನೆತನಗಳಲ್ಲಿ ಅದರ ಜೊತೆಗೇ ಸಾಗಿಬಂದಿರುವ, ಅಪರೂಪವಾದ ಬೇರೊಂದು ದೋಷವೇ ಅಪರಾಧಿ. ಮಾತೃಪ್ರತಿಯಲ್ಲಿ ಒಂದು ತಪ್ಪಾದ ಮೇಲೆ, ಅದರಿಂದ ಇಳಿದ ಒಂದು ಪ್ರತಿಯಲ್ಲಿ ಎರಡನೆಯ ತಪ್ಪು ಸೇರಿದಂತೆ ಇದು. ಮೊದಲ ತಪ್ಪು ಎಲ್ಲೆಲ್ಲಿಯೂ ಕಾಣುವುದರಿಂದ ಅಪವಾದ ಅದರ ತಲೆಗೆ ಬಂದಿತು.

ಇದರಿಂದ 2009ರ ಶ್ರಮ ವ್ಯರ್ಥವಾಯಿತೆಂದು ಯಾರೂ ತಿಳಿಯಬಾರದು. ಆ ಅಧ್ಯಯನ ಬಾಗಿಲು ತೆರೆಯದಿದ್ದರೆ ಎರಡನೆಯ ದೋಷವನ್ನು ಹುಡುಕುವವರೇ ಇರುತ್ತಿರಲಿಲ್ಲ. ನಮ್ಮಂಥ ಗೃಹಸ್ಥರು ಇದರಿಂದ ತಿಳಿಯಬೇಕಾದುದು ಇಷ್ಟು: ರಕ್ತಪರೀಕ್ಷೆಯ ಕಾಗದದಲ್ಲಿ ಲೋಪವೆಂದು ಬರೆದುದನ್ನು ಕಂಡ ಮಾತ್ರಕ್ಕೆ ಕೈಕಾಲು ಬಿಡಬೇಕಾಗಿಲ್ಲ. ಆ ಅಕ್ಷರ ಯಾವ ಮನೆತನದಲ್ಲಿ, ಯಾರ ಯಾರ ಗುಂಡಿಗೆಯನ್ನು ಹೇಗೆ ಕೆಡಿಸಿದೆ ಎಂಬುದನ್ನು ಸೇರಿಸಿ ಓದಿದಾಗಲೇ ಅದಕ್ಕೆ ಅರ್ಥ ಬರುವುದು. ಆ ಓದಿಗೆ ಬೇಕಾದ ಮನೆತನದ ವೃತ್ತಾಂತ ಯಾವ ಯಂತ್ರದಲ್ಲಿಯೂ ಸಿಕ್ಕುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತು ಸಲ್ಲುತ್ತದೆ. ನಮ್ಮ ಹರಿಯಾಣದ ನೆರೆಹೊರೆಯವರು ಮದುವೆಯಲ್ಲಿ ತಂದೆಯ ಗೋತ್ರ, ತಾಯಿಯ ಗೋತ್ರಗಳನ್ನು, ಅನೇಕರು ಅಜ್ಜಿಯ ಗೋತ್ರವನ್ನೂ ಬಿಡುತ್ತಾರೆ. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತರುವ ನಮ್ಮ ಕಡೆಯ ಪದ್ಧತಿಯನ್ನು ಕೇಳಿ ಬೆರಗಾಗುತ್ತಾರೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ಆಲನ್ ಬಿಟಲ್ಸ್ ಮೊದಲಾದವರು ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ತಾಯಿತಂದೆಗಳ ನಂಟನ್ನು ವಿಚಾರಿಸಿದಾಗ, ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದೆಂದು ತಿಳಿದಿದ್ದಿತು. ಗುಂಡಿಗೆಯ ಈ ಕಾಯಿಲೆಗಳಲ್ಲಿ ಬಹುಪಾಲಿಗೆ ತಾಯಿತಂದೆಗಳಲ್ಲಿ ಒಬ್ಬರಿಂದ ಬಂದ ದೋಷವೇ ಸಾಕು. ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಇಬ್ಬರಲ್ಲಿಯೂ ಅದೇ ದೋಷವಿದ್ದರೆ ಮಗುವಿಗೆ ಎರಡು ಪ್ರತಿಗಳೂ ಕೆಟ್ಟವೇ ಸೇರುವ ಸಂಭವವುಂಟು. ಆಗ ಕಾಯಿಲೆ ಚಿಕ್ಕಂದಿನಲ್ಲಿಯೇ, ಉಗ್ರವಾಗಿ ತೋರಬಹುದು. ಹಿರಿಯರ ಪದ್ಧತಿಯನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ಮನೆತನದಲ್ಲಿ ಗುಂಡಿಗೆಯ ಸಾವುಗಳಿದ್ದು ಸೋದರಸಂಬಂಧ ಕೂಡಿಬಂದರೆ, ಜಾತಕದ ಜೊತೆಗೆ ವೈದ್ಯರ ಸಲಹೆಯನ್ನೂ ಕೇಳುವುದು ಲೇಸು.

ತಿಳಿದರೆ ಪ್ರಯೋಜನವೇನೆಂದು ಕೇಳುವವರುಂಟು. ಪ್ರಯೋಜನ ಬಹಳವಿದೆ. ಇಸಿಜಿ ಮತ್ತು ಎಕೋ ಎಂಬ ನೋವಿಲ್ಲದ ಪರೀಕ್ಷೆಗಳಿಂದ ಗೋಡೆಯ ದಪ್ಪವನ್ನೂ ಗೂಡಿನ ಹಿಗ್ಗನ್ನೂ ಅಳೆಯಬಹುದು. ಬಡಿತ ತಪ್ಪಿದಾಗ ಒಳಗಿನಿಂದಲೇ ವಿದ್ಯುತ್ ಕೊಟ್ಟು ಸರಿಪಡಿಸುವ ಪುಟ್ಟ ಯಂತ್ರವನ್ನು ಮನುಷ್ಯನ ಮೈಯಲ್ಲಿ ಮೊದಲು ಇಟ್ಟುದು 1980ರಲ್ಲಿ. ತೀರ ಸೋತ ಗುಂಡಿಗೆಯನ್ನು ಬದಲಿಸುವ ಶಸ್ತ್ರಚಿಕಿತ್ಸೆ ಭಾರತದಲ್ಲಿ ಮೊದಲು ಯಶಸ್ವಿಯಾದುದು ನಮ್ಮ ಸಮೀಪದಲ್ಲಿಯೇ, 1994ರ ಆಗಸ್ಟ್ 3ರಂದು, ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲರ ಕೈಯಿಂದ. ದಪ್ಪ ಗೋಡೆ ರಕ್ತದ ದಾರಿಯನ್ನು ತಡೆದಾಗ ಮಯೋಸಿನ್ನಿನ ಅತಿಯಾದ ಎಳೆತವನ್ನೇ ತಗ್ಗಿಸುವ ಮವಕಾಮ್ಟೆನ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕಾಯಿಲೆಗೆ ಕಾರಣವಾದ ಅಕ್ಷರ ಒಂದು ಮನೆತನದಲ್ಲಿ ಖಚಿತವಾಗಿ ಗೊತ್ತಾದರೆ, ಅದು ಬಾರದ ಮಕ್ಕಳಿಗೆ ಮತ್ತೆ ಮತ್ತೆ ಪರೀಕ್ಷೆಯ ಕಾಟವೂ ಇಲ್ಲ, ಹೆದರಿಕೆಯೂ ಇಲ್ಲ.

ಆದರೆ ವೈದ್ಯರು ಮೊದಲು ಕೇಳುವ ಪ್ರಶ್ನೆ 'ನಿಮ್ಮ ಮನೆಯಲ್ಲಿ ಯಾರಿಗಾದರೂ?' ಎಂಬುದು. ಊರಿನಲ್ಲಿದ್ದರೆ ಉತ್ತರ ಹೇಳಲು ಸೋದರತ್ತೆ ಇರುತ್ತಿದ್ದಳು, ದೊಡ್ಡಪ್ಪ ಇರುತ್ತಿದ್ದನು. ಯಾರು ಗದ್ದೆಯಲ್ಲಿ ಕುಸಿದರು, ಯಾರು ಜಾತ್ರೆಯಲ್ಲಿ ಬಿದ್ದರು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿ. ಎರಡು ಸಾವಿರ ಕಿಲೋಮೀಟರು ದೂರದ ಮಾನೇಸರ್‌ನಲ್ಲಿ ಹುಟ್ಟಿ ಬೆಳೆಯುವ ನಮ್ಮ ಮಕ್ಕಳು ಮುತ್ತಜ್ಜನ ಹೆಸರನ್ನೇ ಅರಿಯರು. ಭಾಷೆ ಮರೆತುಹೋದೀತೆಂದು ಸಂಘ ಕಟ್ಟಿಕೊಂಡಿದ್ದೇವೆ. ಮನೆತನದ ಈ ಲೆಕ್ಕ ಮರೆತುಹೋದೀತೆಂದು ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ.

ಆದುದರಿಂದ ಸಂಘದ ಸದಸ್ಯರಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟುಪುಸ್ತಕ ಕೊಂಡೊಯ್ಯಿರಿ. ಮೂರು ತಲೆಮಾರುಗಳ ಹೆಸರು, ತೀರಿಕೊಂಡ ವಯಸ್ಸು, ತೀರಿಕೊಂಡ ಬಗೆ ಇವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಐವತ್ತಕ್ಕೆ ಮೊದಲು ಹಠಾತ್ತನೆ ಹೋದವರುಂಟೆ? ಓಡುವಾಗ, ಭಾರ ಎತ್ತುವಾಗ ಎಚ್ಚರ ತಪ್ಪಿದವರುಂಟೆ? ಕಾಲು ಬಾತು, ಮಲಗಿದರೆ ಉಸಿರುಕಟ್ಟಿ, ಕುಳಿತೇ ನಿದ್ದೆಮಾಡುತ್ತಿದ್ದವರುಂಟೆ? ಬಾಣಂತನದ ಹೊತ್ತಿನಲ್ಲಿ ಏದುಸಿರಿನಿಂದ ನರಳಿದವರುಂಟೆ? ತಾಯಿಯ ಕಡೆಯನ್ನೂ ತಂದೆಯ ಕಡೆಯನ್ನೂ ಸಮವಾಗಿ ವಿಚಾರಿಸಿರಿ. ಉಂಟೆಂಬ ಉತ್ತರ ಒಂದಕ್ಕಿಂತ ಹೆಚ್ಚು ಕಡೆ ಬಂದರೆ ಆ ಪುಸ್ತಕವನ್ನು ಹೃದ್ರೋಗದ ವೈದ್ಯರ ಮುಂದಿಡಿರಿ. ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಬೇಕೇ ಎಂಬುದನ್ನು ಅವರು ಹೇಳುವರು. ಕೇಳಬೇಕಾದ ಹಿರಿಯರಿಗೆ ವರ್ಷದಿಂದ ವರ್ಷಕ್ಕೆ ವಯಸ್ಸಾಗುತ್ತಿದೆ. ಈ ಕೆಲಸವನ್ನು ಮುಂದಿನ ರಾಜ್ಯೋತ್ಸವದ ಒಳಗೆ ಮುಗಿಸುವುದು ಉತ್ತಮ.